ಕತ್ತಲಕೋಣೆಯ ಹಳದಿ ಕಣ್ಣು

ಕತ್ತಲಕೋಣೆಯ ಬಾಗಿಲು ತೆರೆದವಳ ಎದೆ ಧಸಕ್ಕೆಂದಿತು. ನೇರಳಾತೀತ ದೀಪದ ಮುಂದೆ ತಲೆಯಿಲ್ಲದ ಬಿಳಿ ಶರ್ಟೊಂದು ನಿಂತು ಹೊಳೆಯುತ್ತಿತ್ತು!

"ಬಾಗಿಲು ಹಾಕಿ ಮೇಡಂ... ಬೆಳಕು ಬರುತ್ತೆ," ಎಂದಿತು ಶರ್ಟು. ಮಾತಿನ ಜೊತೆ ಹಲ್ಲುಗಳೂ ಮಿಂಚಿದವು.

"ಅಬ್ಬಾ! ಮನುಷ್ಯರಾ ನೀವು? ಗೂಬೆ ತರ ನಿಂತಿದ್ದೀರಲ್ಲ!"

ಅಂದಿನಿಂದ ಅವನು ಅವಳಿಗೆ ಗೂಬೆಯೇ.

ಒಂದೇ ಪ್ರಯೋಗಾಲಯ, ಒಂದೇ ದೀಪ, ಒಂದೇ ಬೂಷ್ಟು. ಅದು ಪ್ಯೂರಿನ್ ಎಂಬ ವಸ್ತುವಿನಿಂದ ಹಳದಿಯ ಬಿ2 ಜೀವಸತ್ವ ತಯಾರಿಸುತ್ತದೆ; ಕತ್ತಲಲ್ಲಿ ಈ ದೀಪ ಹಿಡಿದರೆ ಹೊಳೆಯುತ್ತದೆ. ಅವನು ಅದಕ್ಕೆ ಅಸಲಿ ಪ್ಯೂರಿನ್ ಉಣಿಸುತ್ತಿದ್ದ. ಅವಳು ಉಣಿಸುತ್ತಿದ್ದುದು ತದ್ರೂಪಿ ನಕಲಿಯನ್ನು. ಬೂಷ್ಟು ಮೋಸಹೋಗಿ ಅದನ್ನೇ ನುಂಗಿ, ಬಣ್ಣ ಕಳೆದುಕೊಂಡು, ಹೆಣದಂತೆ ಬಿಳಿಚಿಕೊಳ್ಳುತ್ತಿತ್ತು.

"ಪಾಪ, ಒಂದಿನ ಇದನ್ನ ನಾನೇ ಬದುಕಿಸ್ತೀನಿ ನೋಡಿ," ಎಂದು ಅವನು ಕಾಡುತ್ತಿದ್ದ. ಅವಳು ನಗುತ್ತಿದ್ದಳು... ಆ ಬೆಳಗಿನವರೆಗೆ.

ಅಂದು ಸತ್ತಂತಿದ್ದ ಅವಳ ಬೂಷ್ಟಿನ ತಟ್ಟೆಯೊಂದರ ನಡುವೆ ಒಂದು ಚುಕ್ಕೆ ಹೊಳೆಯುತ್ತಿತ್ತು. ರೆಪ್ಪೆಯಿಲ್ಲದ ಕಣ್ಣು! ಎತ್ತ ಸರಿದರೂ ಅವಳನ್ನೇ ನೋಡುವಂತಿತ್ತು.

"ನಿಮ್ಮ ಪ್ಯೂರಿನ್ ಹಾಕಿದ್ರಾ? ನನ್ನ ಕೆಲಸ ನಿಮಗೆ ಆಟಾನಾ?"

"ನಿಮ್ಮಾಣೆ, ಮುಟ್ಟಿಲ್ಲ!"

"ಹಾಗಾದ್ರೆ ದೆವ್ವ ಬಂದು ಹಾಕ್ತಾ?"

ಅವನು ಕೋಣೆಯ ಬೀಗದಕೈ ಅವಳ ಮುಂದಿಟ್ಟು ಹೊರಟುಹೋದ. ಬೇರೆ ಊರಿನ ಪ್ರಯೋಗಾಲಯ ಸೇರುತ್ತಾನಂತೆ ಎಂದರು ಇಬ್ಬರಿಗೂ ಮಾರ್ಗದರ್ಶಕರಾಗಿದ್ದ ಮೇಷ್ಟ್ರು.

'ಹೋಗಲಿ! ಸಾಕ್ಷಿ ಸಮೇತ ಹಿಡ್ಕೊಡ್ತೀನಿ...'

ಆ ಚುಕ್ಕೆಯ ಚೂರು ಕೆರೆದು, ನಕಲಿ ಮಾತ್ರ ಬೆರೆಸಿದ್ದ ಹೊಸ ತಟ್ಟೆಗೆ ಹಚ್ಚಿ ಬೀಗ ಹಾಕಿದಳು. ಅವನ ಕೈವಾಡವಾಗಿದ್ದರೆ ಇಲ್ಲಿ ಅದು ಹೊಳೆಯಕೂಡದು.

ವಾರ ಕಳೆದು ಬೀಗ ತೆಗೆದು ದೀಪ ಹಾಕಿದಳು.

ತಟ್ಟೆ ತುಂಬ ಕಣ್ಣುಗಳು! ಎಂದೂ ಕಾಣದಷ್ಟು ಹಳದಿ. ಯಾರೂ ಒಳಗೆ ಬಂದಿರಲಿಲ್ಲ. ನಕಲಿಗೆ ಮೋಸಹೋಗದ ಹೊಸ ತಳಿಯೊಂದು ಆ ವಿಷದ ನಡುವೆಯೇ ತಾನಾಗಿ ಹುಟ್ಟಿತ್ತು.

'ಬೂಷ್ಟಿಗೂ ಅಸಲಿ ಯಾವುದು ಅಂತ ಗೊತ್ತಾಯ್ತು... ನನಗೆ?'

ಅವನಿಗೆ ಫೋನ್ ಮಾಡಿದಳು. "ಒಂದೇ ಒಂದು ಸಲ ಬನ್ನಿ..."

ಆ ಸಂಜೆ ಕತ್ತಲಕೋಣೆಯ ಬಾಗಿಲು ಕಿರ್ರೆಂದು ಮುಚ್ಚಿಕೊಂಡಿತು. ಮತ್ತದೇ ತಲೆಯಿಲ್ಲದ ಬಿಳಿ ಶರ್ಟು. ತಟ್ಟೆಯ ಮೇಲೆ ಬಾಗಿ ಕಣ್ಣುಗಳನ್ನು ಎಣಿಸತೊಡಗಿತು.

"ತಪ್ಪು ನಂದು," ಎಂದಳು. "ಹೋಗ್ಬೇಡಿ."

"ಮೇಡಂಗೆ ಗೂಬೆ ಬೇಕಾ?"

"ಈ ಗೂಬೇನೇ ಬೇಕು... ಜೀವನಪೂರ್ತಿ."

ಕತ್ತಲಲ್ಲಿ ಅವನಿಗೆ ಮುಖವೇ ಇರಲಿಲ್ಲ. ಅವಳು ಒಂದು ಹೆಜ್ಜೆ ಹತ್ತಿರ ಸರಿದಳು. "ಏನಾದ್ರೂ ಹೇಳೋ!"

"ಲೈಟ್ ಹಾಕ್ಲಾ? ನನ್ನ ಮುಖ ನೋಡಿದ್ರೆ ನಿಂಗೇ ಗೊತ್ತಾಗುತ್ತೆ."

ಅಷ್ಟರಲ್ಲಿ ಹಲ್ಲಿನ ಸಾಲೊಂದು ಹೊಳೆಯಿತು.

"ಬೇಡ..." ಎಂದಳು, ಅವನ ಕೈ ಹುಡುಕುತ್ತಾ. "ಕಾಣ್ತಿದೆ."