ಅಮ್ಮನಿಗೆ ಕೇಳಿಸದ ಕುಟುಕು

“ಆಹಾ, ಏನು ಕೋಟು! ಇಂಥದ್ದು ಯಾವ ರಾಜನ ಸೈನಿಕನೂ ಹಾಕಿರಲ್ಲ ಬಿಡು,” ಎಂದಳು ಮೆಣಸು, ತೋಳು ಎತ್ತಿ ಎತ್ತಿ ತೋರಿಸುತ್ತಾ.

ಅಮ್ಮ ಹೊಲಿದ ಆ ಕೋಟಿನ ಬಲತೋಳು ಉಲ್ಟಾ ಇತ್ತು. ಹೊಲಿಗೆಯೆಲ್ಲ ಹೊರಗೆ, ಬಣ್ಣವೆಲ್ಲ ಒಳಗೆ. ಮೆಣಸಿಗೆ ಸೈನಿಕನ ಪಾತ್ರವಿದ್ದ ಶಾಲೆಯ ನಾಟಕಕ್ಕೆ ಇನ್ನು ಒಂದೇ ವಾರ.

“ಚೆನ್ನಾಗಿದೆಯಾ?” ಅಮ್ಮನ ಮುಖ ಅರಳಿತು.

“ಚೆನ್ನಾಗಿರೋದಾ? ಇನ್ನೂ ನಾಲ್ಕು ಜನ ಸೈನಿಕರಿದ್ದಾರೆ. ಅವರಿಗೂ ಹೀಗೇ ಹೊಲಿದುಕೊಟ್ಟುಬಿಡು. ಇಡೀ ಸೈನ್ಯ ಉದ್ಧಾರ ಆಗುತ್ತೆ!” ಹಾಗೆಂದವಳೇ ಕೋಟನ್ನು ಕುರ್ಚಿಯ ಮೇಲೆಸೆದು ಆಡಲು ಓಡಿದಳು.

ನಾಲಿಗೆಯ ಖಾರಕ್ಕೇ ಅವಳಿಗೆ ಮೆಣಸು ಅಂತ ಹೆಸರು ಬಿದ್ದದ್ದು. ಹೆಸರಿಟ್ಟವಳು ಅಮ್ಮ. ಖಾರ ಬಂದದ್ದೂ ಅಮ್ಮನಿಂದಲೇ. ಅಮ್ಮ ಟೈಲರ್. ಯಾರಾದರೂ ಬಂದು, “ಒಂದು ಗಂಟೆಯಲ್ಲಿ ಹೊಲಿದುಕೊಡಿ” ಎಂದು ಅವಸರ ಮಾಡಿದರೆ, “ಅಷ್ಟು ಹೊತ್ತು ಯಾಕೆ? ಬಟ್ಟೆಗೇ ಹೇಳಿ ನೋಡಿ, ಅದೇ ಹೊಲ್ಕೊಳ್ಳುತ್ತೆ,” ಎನ್ನುತ್ತಿದ್ದಳು. ತಾಯಿ ಮಗಳು ಮಾತಿಗೆ ಕೂತರೆ ಅಪ್ಪ ಪೇಪರನ್ನು ಮುಖಕ್ಕೆ ಅಡ್ಡ ಹಿಡಿದು ಬಚಾವಾಗುತ್ತಿದ್ದ.

ಆರು ತಿಂಗಳ ಹಿಂದೆ ಅಮ್ಮ ಸ್ಕೂಟರಿನಿಂದ ಬಿದ್ದಳು. ತಲೆಗೆ ಪೆಟ್ಟಾಯಿತು. ಗಾಯ ಮಾಯಿತು, ಅದರ ಮೇಲೆ ಕೂದಲೂ ಬೆಳೆಯಿತು. ನೋಡಲು ಬಂದವರೆಲ್ಲ, “ಏನೂ ಆಗೇ ಇಲ್ವಲ್ಲ, ಮೊದಲಿನ ಹಾಗೇ ಇದ್ದೀರಿ!” ಎಂದು ಸರ್ಟಿಫಿಕೇಟ್ ಕೊಟ್ಟು ಹೋದರು. ಅವರ ಕಣ್ಣಿಗೆ ತಲೆಬುರುಡೆಯ ಒಳಗಿನದೂ ಕಾಣಿಸುತ್ತಿತ್ತೋ ಏನೋ. ಕತ್ತರಿ ಎನ್ನುವ ಪದ ಸಿಗದೆ ಅಮ್ಮ, “ಅದು… ಕಟ್ ಮಾಡೋದು, ಅದು…” ಎಂದು ಒದ್ದಾಡುವುದು ಕಾಣಿಸಲಿಲ್ಲ. ಮಿಕ್ಸಿಯ ಸದ್ದಿಗೆ ತಲೆ ಹಿಡಿದುಕೊಂಡು ಕೂರುವುದೂ ಕಾಣಿಸಲಿಲ್ಲ. ಮಿಕ್ಕಿದ್ದೆಲ್ಲ ಕಾಣಿಸಿತು.

ಕೋಟಿನ ಮಾತಾದ ಮೂರನೇ ದಿನ ನಾಟಕದ ಪ್ರಾಕ್ಟೀಸ್ ನಡೆಯುತ್ತಿದ್ದಾಗ ಅಮ್ಮ ಶಾಲೆಗೇ ಬಂದುಬಿಟ್ಟಳು. ಕೈಯಲ್ಲಿ ದೊಡ್ಡ ಚೀಲ. ಕಣ್ಣುಗಳು ಕೆಂಪಗಾಗಿದ್ದವು.

“ತಗೊಳ್ಳಿ ಮಿಸ್, ನಾಲ್ಕು ಕೋಟು. ಮಗಳು ಹೊಲಿ ಅಂದಿದ್ಲು.”

ನಾಲ್ಕಕ್ಕೂ ಬಲತೋಳು ಉಲ್ಟಾ. ಒಂದರ ಹಾಗೇ ಇನ್ನೊಂದು, ಒಂದು ನೂಲಿನಷ್ಟೂ ವ್ಯತ್ಯಾಸವಿಲ್ಲ.

ಒಬ್ಬ ಸೈನಿಕ ಕಿಸಕ್ಕೆಂದ. ಇನ್ನೊಬ್ಬ, “ಇದನ್ನ ಒಳಗಿಂದ ಹಾಕ್ಕೊಳ್ಳೋದಾ, ಹೊರಗಿಂದಾನಾ?” ಎಂದ. ಮಿಸ್ ಅವನನ್ನು ಗದರಿ, “ತುಂಬಾ… ಡಿಫರೆಂಟ್ ಆಗಿದೆ,” ಎಂದರು. ಸುಳ್ಳನ್ನು ಇಂಗ್ಲಿಷಿನಲ್ಲಿ ಹೇಳಿದರೆ ಪಾಪ ಕಡಿಮೆ ಅಂತ ದೊಡ್ಡವರ ಲೆಕ್ಕ.

“ಥ್ಯಾಂಕ್ಸ್ ಮಿಸ್,” ಎಂದು ಅಮ್ಮ ಸಂತೋಷದಿಂದ ನಕ್ಕಳು.

ಮೆಣಸು ಪರದೆಯ ಹಿಂದೆ ಸೇರಿಕೊಂಡಳು. ತನ್ನ ಕುಟುಕು ಮಾತಿಗೆ ಅಮ್ಮ ಬೇಕಂತಲೇ ಸೇಡು ತೀರಿಸಿಕೊಂಡಳು ಅನ್ನಿಸಿ ಮೈಯೆಲ್ಲ ಉರಿಯಿತು.

ಮರುದಿನ ಶಾಲೆಗೆ ರಜೆ. ಆಸ್ಪತ್ರೆಯ ಹಿಂದಿನ ಕಟ್ಟಡದಲ್ಲಿ, ತಲೆಗೆ ಪೆಟ್ಟಾದವರ ಬಗ್ಗೆ ಸಂಶೋಧನೆ ಮಾಡುವವರಿದ್ದರು. ತಿಂಗಳಿಗೊಮ್ಮೆ ಅಮ್ಮ ಅಲ್ಲಿಗೆ ಹೋಗಿ ಅವರ ಪ್ರಶ್ನೆಗಳಿಗೆ ಉತ್ತರ ಹೇಳಬೇಕಿತ್ತು. ಅಪ್ಪನಿಗೆ ಡ್ಯೂಟಿ ಇದ್ದದ್ದರಿಂದ ಮೆಣಸು ಮುಖ ಊದಿಸಿಕೊಂಡೇ ಜೊತೆಗೆ ಹೋದಳು.

ಪ್ರಶ್ನೆ ಕೇಳುವ ಮೇಡಂ ಅವರ ಜೇಬಿನಲ್ಲಿ ಎಂಟು ಪೆನ್ನುಗಳಿದ್ದವು. ಬರೆದುಕೊಳ್ಳುವುದು ಮಾತ್ರ ಕಂಪ್ಯೂಟರಿನಲ್ಲಿ. ಅವರು ಒಂದು ವಿಡಿಯೋ ಹಾಕಿದರು. ಅದರಲ್ಲಿ ಒಬ್ಬ ಹುಡುಗ ತನ್ನ ಗೆಳೆಯನ ಅಂಗಿಯ ಮೇಲೆ ಕಾಫಿ ಚೆಲ್ಲಿದ. ಗೆಳೆಯ, “ವಾಹ್, ತುಂಬಾ ಉಪಕಾರ ಆಯ್ತಪ್ಪ!” ಎಂದ.

“ಅವರು ನಿಜವಾಗಿ ಹೇಳಿದ್ರಾ, ಕುಟುಕಿದ್ರಾ?” ಮೇಡಂ ಕೇಳಿದರು.

ಅಮ್ಮ ಯೋಚಿಸಿದಳು. “ನಿಜವಾಗಿ. ಒಳ್ಳೇ ಹುಡುಗ, ಪಾಪ.”

ಮೆಣಸಿಗೆ ನಗು ತಡೆಯಲಾಗಲಿಲ್ಲ. ಈ ಅಮ್ಮ ಎಷ್ಟು ಚೆನ್ನಾಗಿ ನಟಿಸ್ತಾಳೆ! ಎರಡನೇ ವಿಡಿಯೋ ಬಂತು. ಮೂರನೆಯದು ಬಂತು. ಅಮ್ಮ ಹಣೆ ಗಂಟಿಕ್ಕಿಕೊಂಡು, ಕುರ್ಚಿಯ ಅಂಚನ್ನು ಗಟ್ಟಿಯಾಗಿ ಹಿಡಿದಿದ್ದಳು. ಬೆರಳ ತುದಿಗಳು ಬಿಳಿಚಿಕೊಂಡಿದ್ದವು. ಐದನೆಯದರ ಹೊತ್ತಿಗೆ ಮೆಣಸಿನ ನಗು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ.

ಅಮ್ಮ ನೀರು ಕುಡಿಯಲು ಹೊರಗೆ ಹೋದಾಗ ಮೆಣಸು ಕೇಳಿದಳು: “ಅಮ್ಮಂಗೆ ನಿಜವಾಗ್ಲೂ ಗೊತ್ತಾಗಲ್ವಾ ಮೇಡಂ?”

“ಮಾತು ಅರ್ಥ ಆಗುತ್ತೆ ಪುಟ್ಟಾ. ಮಾತಿನ ಹಿಂದೆ ಅಡಗಿರೋ ಇನ್ನೊಂದು ಮಾತು ಸಿಗಲ್ಲ. ಮಾತು, ದನಿ, ಮುಖ, ಮೂರನ್ನೂ ಒಟ್ಟಿಗೆ ಹಿಡಿದ್ರೆ ತಾನೇ ಅದು ಸಿಗೋದು? ಪೆಟ್ಟು ಬಿದ್ದ ಮೇಲೆ ಕೆಲವರ ಮೆದುಳಿಗೆ ಅದು ಕಷ್ಟ. ಅದನ್ನೇ ನಾವು ಸ್ಟಡಿ ಮಾಡ್ತಿರೋದು.”

“ಸರಿಹೋಗುತ್ತಾ?”

“ಗೊತ್ತಿಲ್ಲ. ಕೆಲವರಿಗೆ ಸ್ವಲ್ಪ ಸ್ವಲ್ಪ ವಾಪಸ್ ಬರುತ್ತೆ. ಅಮ್ಮನ ವಿಷಯ ಈಗಲೇ ಹೇಳೋಕಾಗಲ್ಲ.”

ಈ ಆರು ತಿಂಗಳಲ್ಲಿ ಗೊತ್ತಿಲ್ಲ ಎಂದ ಮೊದಲ ದೊಡ್ಡವರು ಇವರೇ.

ಇಬ್ಬರೂ ಬಸ್ ಸ್ಟಾಪಿಗೆ ನಡೆದರು. ಅಲ್ಲಿ ಬೆಂಚಿನ ಮೇಲೆ ಕೂತಮೇಲೆ ಅಮ್ಮ ಕೇಳಿದಳು: “ಎಷ್ಟು ತಪ್ಪಾಯ್ತು?”

“ಹತ್ತರಲ್ಲಿ ಎಂಟು.”

“ಓ.” ಅಮ್ಮ ಬ್ಯಾಗಿನ ಜಿಪ್ ಎಳೆದಳು, ಮತ್ತೆ ಮುಚ್ಚಿದಳು. “ಹಾಗಾದ್ರೆ ಆ ಕೋಟು… ನೀನು ಹೇಳಿದ್ದೂ ಹಾಗೇನಾ?”

ಮೆಣಸಿನ ನಾಲಿಗೆಯ ತುದಿಗೆ ನಾಲ್ಕೈದು ಉತ್ತರಗಳು ಬಂದವು. ಎಲ್ಲವೂ ಖಾರ. ಒಂದೊಂದನ್ನೇ ನುಂಗಿಕೊಂಡಳು. ಉಳಿದದ್ದು ಬರೀ ಸಪ್ಪೆ ಮಾತು.

“ತೋಳು ಉಲ್ಟಾ ಇತ್ತಮ್ಮ. ಚೆನ್ನಾಗಿಲ್ಲ ಅಂತ ಹೇಳೋಕೆ ಹಾಗಂದೆ. ನಿಂಗೆ ಗೊತ್ತಾಗುತ್ತೆ ಅಂದ್ಕೊಂಡಿದ್ದೆ.”

“ಮೂರು ದಿನ ಕೂತು ಹೊಲಿದೆ ಕಣೇ. ತಲೆ ಸಿಡೀತಿತ್ತು. ನಿನ್ನದನ್ನ ಎದುರಿಗಿಟ್ಕೊಂಡು, ತಪ್ಪಬಾರದು ಅಂತ ಅಳತೆ ನೋಡ್ಕೊಂಡು, ನೋಡ್ಕೊಂಡು…” ಅಮ್ಮ ಬ್ಯಾಗನ್ನು ಎದೆಗೊತ್ತಿಕೊಂಡಳು. “ಆ ಮಿಸ್ಸೂ ಹೇಳಲಿಲ್ಲ. ಯಾರೂ ಹೇಳಲಿಲ್ಲ.”

“ಸಾರಿ ಅಮ್ಮ.”

ಒಂದು ಬಸ್ ಬಂದು ನಿಂತು ಹೊರಟುಹೋಯಿತು. ಅವರದಲ್ಲ.

“ಐದು ತೋಳು ತಾನೇ? ಬಿಚ್ಚಿ ಮತ್ತೆ ಹೊಲಿಯಬಹುದು. ಸೋಮವಾರ ಕೋಟು ವಾಪಸ್ ತಗೊಂಡು ಬಾ,” ಎಂದಳು ಅಮ್ಮ. “ಪಕ್ಕದಲ್ಲಿ ಕೂತು, ಯಾವ ಕಡೆ ಒಳಗೆ, ಯಾವ ಕಡೆ ಹೊರಗೆ ಅಂತ ಹೇಳ್ತೀಯಾ?”

“ಹೇಳ್ತೀನಿ.”

“ನೇರವಾಗಿ?”

“ನೇರವಾಗಿ.”

“ನಿಜ ಹೇಳ್ತಿದೀಯಾ, ಇಲ್ಲ ಇದೂ…?”

ಅಮ್ಮ ಅವಳ ಕಡೆ ತಿರುಗಿ ಕಣ್ಣು, ಹುಬ್ಬು, ತುಟಿ ಎಲ್ಲವನ್ನೂ ಒಂದೊಂದಾಗಿ ನೋಡತೊಡಗಿದಳು. ತುಂಬಾ ಹೊತ್ತು ಹಿಡಿಯಿತು. ಮೆಣಸು ಕಣ್ಣು ತಪ್ಪಿಸಲಿಲ್ಲ, ನಗಲಿಲ್ಲ. ಅಮ್ಮ ನೋಡಿ ಮುಗಿಸಲಿ ಎಂದು ಮುಖ ಎತ್ತಿಕೊಂಡು ಸುಮ್ಮನೆ ಕೂತಳು.