ಅಮಾಸಿಯ ಒಂದೇ ಸಹಿ

1982ರ ಮೇ 17, ಸೋಮವಾರ, ಬೆಳಗ್ಗೆ ಏಳೂವರೆ. ಕುಷ್ಟಗಿಯ ಹೊರಗಿನ ಹತ್ತಿ ಬೀಜದ ಫಾರಂನಲ್ಲಿ ಪರೀಕ್ಷೆಗೆ ಬೆಳೆಸಿದ ನೂರು ಗಿಡಗಳಲ್ಲಿ ಹದಿನಾಲ್ಕು ಹೈಬ್ರಿಡ್ ಅಲ್ಲ ಎಂದು ಖಚಿತವಾಯಿತು. ಹೈಬ್ರಿಡ್ ಹೂವಿನ ಎಸಳಿನ ಬುಡದಲ್ಲಿ ಕೆಂಪು ಮಚ್ಚೆ ಇರಬೇಕು. ಆ ಹದಿನಾಲ್ಕರಲ್ಲಿ ಇರಲಿಲ್ಲ. ಬೀಜ ಹಿಂದಿನ ವರ್ಷ ಮೂರನೇ ತಾಕಿನಲ್ಲಿ ಬೆಳೆದದ್ದು. ಬುಧವಾರ ಯಲಬುರ್ಗಾ, ಕೊಪ್ಪಳದ ಕಡೆಯ ರೈತರು ಬೀಜ ಒಯ್ಯಲು ಬರುವವರಿದ್ದರು.

ಮಾಲೀಕ ಶರಣೇಗೌಡರು ದಾದೇಸಾಬನನ್ನು ಕರೆಸಿದರು. ಅವನು ಹದಿನಾಲ್ಕು ವರ್ಷ ಮೀಸಲು ಪೊಲೀಸ್ ಪಡೆಯಲ್ಲಿದ್ದು, ಮೊಣಕಾಲಿಗೆ ಪೆಟ್ಟಾದ ಮೇಲೆ ಇನ್‌ಸ್ಪೆಕ್ಟರ್ ಕೆಲಸ ಬಿಟ್ಟು, ಫೆಬ್ರುವರಿಯಲ್ಲಿ ಫಾರಂನ ಕಾವಲಿನ ಮುಖ್ಯಸ್ಥನಾಗಿ ಬಂದವನು. ವಯಸ್ಸು ಮೂವತ್ತೆಂಟು. ಹೆಂಡತಿ ತೀರಿಕೊಂಡು ಆರು ವರ್ಷವಾಗಿತ್ತು.

ಇದು ಎದುರಾಳಿ ಕಂಪನಿಯ ಕೈವಾಡ, ಒಳಗಿನವರೇ ಯಾರೋ ಸೇರಿದ್ದಾರೆ, ಹೆಸರು ಬೇಕು ಎಂದರು ಗೌಡರು. ಅಲ್ಲಿಯವರೆಗೆ ಮೂರನೇ ತಾಕಿನ ಬೀಜವನ್ನು ಉಳಿದವುಗಳ ಜೊತೆ ಬೆರೆಸಿಬಿಟ್ಟರೆ ಹೇಗೆ ಎಂದೂ ಕೇಳಿದರು.

ದಾದೇಸಾಬ ಪಡೆಯಲ್ಲಿ ಕಲಿತ ಕ್ರಮದಲ್ಲಿ ಕೆಲಸ ಶುರುಮಾಡಿದ. ಮೂರನೇ ತಾಕಿನ ಚೀಲಗಳಿದ್ದ ಗೋದಾಮಿಗೆ ಬೀಗ. ಹೊರಗಿನವರು ಕೇಳಿದರೆ ಫಾರಂ ಪರವಾಗಿ ಒಬ್ಬನೇ ಮಾತಾಡಬೇಕು. ಆಮೇಲೆ ಗೇಟಿನ ಪುಸ್ತಕ.

ಹಿಂದಿನ ವರ್ಷ ಸೆಪ್ಟೆಂಬರ್ 28ರ ಪುಟದಲ್ಲಿ ಅವನ ಬೆರಳು ನಿಂತಿತು. ಅಂದು ಮಾನಾಮಿ ಅಮಾಸಿ, ಅಂದರೆ ಮಹಾಲಯ ಅಮಾವಾಸ್ಯೆ. ಅಮಾಸಿಗೆ ಈ ಸೀಮೆಯಲ್ಲಿ ಯಾರೂ ಹೊಲಕ್ಕಿಳಿಯುವುದಿಲ್ಲ. ಪುಟದಲ್ಲಿ ಒಂದೇ ಸಹಿ. ಒಳಗೆ ಬಂದದ್ದು ಬೆಳಗ್ಗೆ 6.10, ಹೊರಗೆ ಹೋದದ್ದು ಸಂಜೆ 6.40. ಸಹಿ ಅಬೇದಾಬಿಯದು.

ಆ ಸಹಿ ಅವನಿಗೆ ಚೆನ್ನಾಗಿ ಗೊತ್ತಿತ್ತು. ಅಬೇದಾಬಿ ಕ್ರಾಸಿಂಗ್ ಮಾಡುವ ಹೆಂಗಸರ ಸೂಪರ್‌ವೈಸರ್. ಮೂವತ್ತು ವರ್ಷ. ಇಬ್ಬರು ತಂಗಿಯರ ಮದುವೆ ಮಾಡಿ ತಾನು ಉಳಿದವಳು. ದಿನಾ ಬೆಳಗ್ಗೆ ಗೇಟಿನಲ್ಲಿ ಪೆನ್ನು ಎತ್ತಿಕೊಂಡು, ಅವನು ಗಡಿಯಾರ ನೋಡುವ ಮೊದಲೇ ವೇಳೆ ಹೇಳುತ್ತಿದ್ದಳು. ಒಂದು ದಿನವೂ ತಪ್ಪಿರಲಿಲ್ಲ. ತಪ್ಪಲಿ ಎಂದು ಮೂರು ತಿಂಗಳಿಂದ ಅವನು ಕಾಯುತ್ತಿದ್ದ. ಕಾಯುವುದಕ್ಕೆ ಬೇರೆ ಕಾರಣವೂ ಇತ್ತು.

ಅವನು ಕರೆಸಿದಾಗ ಅವಳು ಬಂದು ಎದುರು ಕುಳಿತಳು. ಮನೆಯಲ್ಲಿ ಇಬ್ಬರದೂ ಉರ್ದು. ಅವನು ಬೇಕೆಂದೇ ಕನ್ನಡದಲ್ಲಿ ಕೇಳಿದ.

"ಅಮಾಸಿ ದಿನ ಒಬ್ಬಾಕಿನ ಏನ್ ಮಾಡಾಕ ಬಂದಿದ್ರಿ?"

ಅವಳು ಪುಸ್ತಕ ನೋಡಲಿಲ್ಲ, ಅವನನ್ನು ನೋಡಿದಳು. "ಹನ್ನೆರಡೂವರಿ ತಾಸು ಇದ್ದೆ. ಅದನ್ನೂ ಕೂಡಿಸಿ ಬಿಟ್ಟೀರೇನು, ಸಾಹೇಬ್ರ?"

"ಕೂಡಿಸೀನಿ."

"ಮತ್ತ ಸಂಶಯ ಗಟ್ಟಿ ಆಗಿರಬೇಕು."

ಅವನು ನಗಲಿಲ್ಲ. ಅವಳ ಬೆರಳಿಗೆ ಕೆಂಪು ದಾರದ ತುಂಡೊಂದು ಸುತ್ತಿಕೊಂಡಿತ್ತು. ಅವಳು ಅದನ್ನು ಬಿಚ್ಚುತ್ತಿದ್ದಳು, ಮತ್ತೆ ಸುತ್ತುತ್ತಿದ್ದಳು. ಆ ಬೆರಳಿನ ಮೇಲಿಂದ ಕಣ್ಣು ತೆಗೆಯಲು ಅವನಿಗೆ ಸ್ವಲ್ಪ ಹೊತ್ತು ಹಿಡಿಯಿತು.

ಕ್ರಾಸಿಂಗ್ ಕೆಲಸ ಹೇಗೆ ನಡೆಯುತ್ತದೆಂದು ಅವಳೇ ಹೇಳಿದಳು. ಸಂಜೆ ಹೆಣ್ಣು ಗಿಡದ ಮೊಗ್ಗಿನ ಕೇಸರ ತೆಗೆಯಬೇಕು. ಮರುದಿನ ಬೆಳಗ್ಗೆ ಗಂಡು ಹೂ ಮುಟ್ಟಿಸಿ ತೊಟ್ಟಿಗೆ ಕೆಂಪು ದಾರ ಕಟ್ಟಬೇಕು. ಬೀಜಕ್ಕೆ ಬಿಡಿಸುವುದು ದಾರ ಇದ್ದ ಕಾಯಿ ಮಾತ್ರ. ಕೈತಪ್ಪಿದ ಹೂ ತಾನಾಗಿಯೇ ಕಾಯಿ ಕಟ್ಟುತ್ತದೆ. ಅದು ಹೈಬ್ರಿಡ್ ಅಲ್ಲ, ಕಿತ್ತು ಹಾಕಬೇಕು. ಅಮಾಸಿಯಂದು ಅರಳಿದ ಹೂ, ಹಿಂದೆ ತಪ್ಪಿಹೋಗಿದ್ದ ಎಳೆಕಾಯಿ, ಎಲ್ಲವನ್ನೂ ಅವಳೊಬ್ಬಳೇ ಕಿತ್ತು ಸಾಲಿನ ತುದಿಗೆ ಗುಡ್ಡೆ ಹಾಕಿದ್ದಳು.

ಅಮಾಸಿಯ ನಂತರ ತಪ್ಪಿದ ಕಾಯಿಗಳನ್ನು ಹೆಂಗಸರು ಕೀಳುತ್ತಿದ್ದರೋ ಇಲ್ಲವೋ ಎಂದು ಅವನು ಕೇಳಿದ.

ಬೆರಳಿನ ದಾರ ನಿಂತಿತು.

"ಅದಕ್ಕ ಉತ್ತರ ಕೊಡಂಗಿಲ್ರಿ."

"ಕೊಡದಿದ್ರ ಗೌಡ್ರಿಗೆ ನಿಮ್ಮ ಹೆಸರ ಹೋಗ್ತೈತಿ."

"ಬರ್ಕೊಳ್ರಿ. ಅಕ್ಷರ ಛಲೋ ಅದಾವ ನಿಮ್ಮವು."

ಅವಳು ಎದ್ದು ಹೋದಳು. ಅವನು ಹಾಳೆ ತೆಗೆದ, ಬರೆಯಲಿಲ್ಲ. 1976ರಲ್ಲಿ ಒಂದು ಸಂತೆಯ ಗಲಾಟೆಯ ನಂತರ, ಯಾರನ್ನೂ ಕೇಳದೆ, ಗುಂಪನ್ನು ತಡೆದಿದ್ದ ಬೇಲಿ ತೆಗೆದವನು ಇವನೇ ಎಂದು ಒಬ್ಬ ಪೇದೆಯ ಹೆಸರನ್ನು ಅವನು ವರದಿಯಲ್ಲಿ ಬರೆದಿದ್ದ. ಬೇಲಿ ತೆಗೆದವರು ಬೇರೆ ಎಂದು ಎಂಟು ದಿನದ ಮೇಲೆ ತಿಳಿಯಿತು. ಅಷ್ಟರಲ್ಲಿ ಪೇದೆಯ ಕೆಲಸ ಹೋಗಿತ್ತು. ವರದಿ ತಿದ್ದಲು ಮೇಲಿನವರು ಒಪ್ಪಲಿಲ್ಲ.

ಉತ್ತರ ಕೊಡದವರು ಎರಡು ಬಗೆ. ತಪ್ಪು ಮಾಡಿದವರು, ಇನ್ನೊಬ್ಬರನ್ನು ಕಾಯುವವರು. ಅಬೇದಾಬಿ ಯಾವ ಬಗೆ ಎಂಬ ವಿಷಯದಲ್ಲಿ ತನ್ನ ಮನಸ್ಸನ್ನು ನಂಬಬಾರದು ಎಂದು ಅವನು ತೀರ್ಮಾನಿಸಿದ. ಅದು ಆಗಲೇ ಒಂದು ಕಡೆ ವಾಲಿತ್ತು.

ಮೂರನೇ ತಾಕಿನಲ್ಲಿ ಕ್ರಾಸಿಂಗ್ ಮಾಡಿದ ಹನ್ನೊಂದು ಹೆಂಗಸರ ಗುಂಪಿಗೆ ಮುದಕಮ್ಮ ಹಿರಿಯಳು. ಹನ್ನೊಂದು ಗಂಟೆಗೆ ಅವನು ಅವರನ್ನು ಪರೀಕ್ಷೆಯ ತಾಕಿಗೆ ಕರೆದೊಯ್ದು, ಕೀಳುತ್ತಾರೋ ಇಲ್ಲವೋ ನೋಡಲು ಆ ಹದಿನಾಲ್ಕು ಗಿಡಗಳ ಹಸಿರು ಕಾಯಿ ಕಿತ್ತು ಹಾಕಲು ಹೇಳಿದ.

ಯಾರ ಕೈಯೂ ಮುಂದೆ ಬರಲಿಲ್ಲ. ಎಲ್ಲರೂ ಮುದಕಮ್ಮನ ಮುಖ ನೋಡಿದರು.

"ನಮ್ಮ ಕಡಿಂದ ಆಗೂದಿಲ್ರಿ, ಸಾಹೇಬ್ರ," ಎಂದಳು ಅವಳು. "ಕಟ್ಟಿದ ಕಾಯಿ ಬಸುರಿದ್ದಂಗ. ಬೇಕಾದ್ರ ನೀವ ಹರೀರಿ. ನಿಮಗ ಸೊಸಿ ಇಲ್ಲ."

ಉಳಿದದ್ದನ್ನು ಅವಳು ಕೂತು ಹೇಳಿದಳು. ಅಮಾಸಿ ಮರುದಿನ ಸಾಲಿನ ತುದಿಯಲ್ಲಿ ಎಳೆಕಾಯಿಯ ಗುಡ್ಡೆ ಕಂಡಾಗ ಅವಳ ಸೊಸೆ ಎಂಟು ತಿಂಗಳ ಬಸುರಿ. ಹಿಂದಿನ ಸಲ ಕೂಸು ಉಳಿದಿರಲಿಲ್ಲ. ಅಮಾಸಿಯ ದಿನವೇ ಕಾಯಿ ಹರಿದಿದ್ದಾರೆ, ಬಸುರಿಗೆ ಕೇಡಾದೀತು ಎಂದು ಎಲ್ಲರೂ ಹೆದರಿದರು. ಅಂದಿನಿಂದ ಕೈತಪ್ಪಿದ ಕಾಯಿಗಳಿಗೂ ಅವರು ದಾರ ಕಟ್ಟಿದರು. ದಾರ ಕಂಡರೆ ಅಬೇದಾಬಿ ಕೀಳುವುದಿಲ್ಲ ಎಂಬುದಷ್ಟೇ ಲೆಕ್ಕ. ಆ ದಾರದಿಂದ ಬೀಜದ ಚೀಲ ಕೆಡುತ್ತದೆಂದು ಯಾರಿಗೂ ಹೊಳೆದಿರಲಿಲ್ಲ. ಕೂಸು ಚೆನ್ನಾಗಿ ಹುಟ್ಟಿತು. ತೊಟ್ಟಿಲ ದಿನ ಮುದಕಮ್ಮ ಖುಷಿಯಲ್ಲಿ ಅಬೇದಾಬಿಯ ಮುಂದೆ ಎಲ್ಲ ಹೇಳಿಬಿಟ್ಟಿದ್ದಳು.

ತಾರೀಖಿನ ಬಗ್ಗೆ ಅವನ ಸಂಶಯ ಸರಿಯಾಗಿತ್ತು. ಹೆಸರಿನ ಬಗ್ಗೆ ತಪ್ಪಾಗಿತ್ತು.

ಗೇಟಿಗೆ ಮರಳಿದಾಗ ಅಬೇದಾಬಿ ಅಲ್ಲೇ ನಿಂತಿದ್ದಳು.

"ಮುದಕಮ್ಮ ಹೇಳ್ಯಾಳ," ಎಂದ.

ಅವಳು ತಲೆ ತಗ್ಗಿಸಿದಳು. "ಕೂಸಿನ್ನ ನನ್ನ ತೊಡಿಮ್ಯಾಲ ಇಟ್ಟು ಹೇಳಿದಳ್ರಿ. ಆಗ ಹೆಂಗ ಬೈಲಿ? ಈ ಪರೀಕ್ಷಾದಾಗ ಗೊತ್ತಾಗ್ತೈತಿ ಅಂತ ಕಾದೆ. ಆರು ತಿಂಗಳು ಬಾಯಿ ಮುಚ್ಚಿದ್ದು ಮಾತ್ರ ನನ್ನ ತಪ್ಪು."

ಅವನು ಹಾಳೆ, ಪೆನ್ನು ಅವಳ ಮುಂದಿಟ್ಟ. ಕಾಯಿ ಕೀಳುವ ನಿಯಮವನ್ನು ಕೀಳಬೇಕಾದವರನ್ನು ಕೇಳದೆ ಮಾಡಲಾಗಿತ್ತು ಎಂದು ತಾನು ಬರೆಯುವುದಾಗಿ ಹೇಳಿದ. ಹೆಂಗಸರ ಹೆಸರು ಇರುವುದಿಲ್ಲ.

"ನಿಮ್ಮ ಸಾಲು ನೀವ ಬರೀರಿ. ನಾ ಬರಿಯಂಗಿಲ್ಲ."

ಅವಳು ಬರೆದಳು. ಆರು ತಿಂಗಳು ಗೊತ್ತಿದ್ದೂ ಹೇಳಲಿಲ್ಲ ಎಂದು ಒಂದೇ ಸಾಲು, ನೆಟ್ಟಗೆ. ಪೆನ್ನು ವಾಪಸ್ ಕೊಡುವಾಗ ಅವಳ ಬೆರಳಿನ ದಾರ ಅವನ ಗಡಿಯಾರದ ಪಟ್ಟಿಗೆ ಸಿಕ್ಕಿಕೊಂಡಿತು. ಬಿಡಿಸಲು ಇಬ್ಬರೂ ಅವಸರ ಮಾಡಲಿಲ್ಲ.

"ಮುಂದಿನ ಮಾನಾಮಿ ಅಮಾಸಿಗೆ ಒಬ್ಬಾಕಿನ ಬರಬ್ಯಾಡ್ರಿ," ಎಂದ ಅವನು.

"ಮತ್ತ ಯಾರು ಬರ್ತಾರ್ರಿ ಜೋಡಿ?"

"ಅಮಾಸಿಗೆ ಅಂಜದವ್ರು ಈ ಫಾರಂದಾಗ ಇಬ್ಬರ ಅದೀವಿ."

ಅವಳು ದಾರ ನೋಡುತ್ತ ನಕ್ಕಳು. "ಕೆಲಸಕ್ಕ ಕರಿಯಾಕತ್ತೀರೋ, ಮನಿಗೆ ಕರಿಯಾಕತ್ತೀರೋ?"

"ಮನಿಗೆ. ದೊಡ್ಡವ್ರನ್ನ ಆಮ್ಯಾಲ ಕೇಳ್ತೀನಿ. ಮೊದಲ ನಿಮ್ಮನ್ನ ಕೇಳೀನಿ."

"ಗೌಡ್ರು ನನ್ನ ಕೆಲಸದಾಗ ಇಡ್ತಾರೋ ಇಲ್ಲೋ ನೋಡ್ರಿ ಮೊದಲ."

"ಅದಕ್ಕೂ ಇದಕ್ಕೂ ಸಂಬಂಧ ಇಲ್ಲ."

ಅವಳು ದಾರ ಬಿಡಿಸಿಕೊಂಡಳು. ಆಗ ವೇಳೆ ಎಷ್ಟೆಂದು ಹೇಳಿದಳು. ಅವನ ಗಡಿಯಾರದಲ್ಲಿ ನಾಲ್ಕು ನಿಮಿಷ ಹೆಚ್ಚಿತ್ತು. ಮೂರು ತಿಂಗಳಲ್ಲಿ ಮೊದಲ ಸಲ ಅವಳು ತಪ್ಪಿದ್ದಳು.

ಬೆರೆಸುವ ಮಾತನ್ನು ದಾದೇಸಾಬ ಗೌಡರಿಂದ ಬಿಡಿಸಿದ. ರೈತರು ಗುಂಪಾಗಿ ಬಂದು ಕೇಳುವ ಮೊದಲು ನಾವೇ ಹೇಳಬೇಕು, ಬೆರೆಸಿದ್ದು ಹೊರಬಿದ್ದರೆ ಯಾವ ಗೇಟೂ ತಡೆಯುವುದಿಲ್ಲ ಎಂದ. ಬುಧವಾರ ನಲವತ್ತು ರೈತರ ಮುಂದೆ ಅಬೇದಾಬಿ ಒಂದು ಕೈಯಲ್ಲಿ ಮಚ್ಚೆ ಇದ್ದ ಹೂ, ಇನ್ನೊಂದರಲ್ಲಿ ಇಲ್ಲದ್ದು ಹಿಡಿದು ನಿಂತಳು. ಒಂದು ತಾಸು ಬೈಗುಳ ಕೇಳಬೇಕಾಯಿತು. ಆರು ಜನ ಬರಿಗೈಲಿ ಹೋದರು. ಉಳಿದವರು ಬೇರೆ ತಾಕಿನ ಬೀಜ ಒಯ್ದರು. ಮೂರನೇ ತಾಕಿನದು ಎಣ್ಣೆ ಗಾಣಕ್ಕೆ ಹೋಯಿತು. ಗೌಡರು ಅಬೇದಾಬಿಯನ್ನು ಒಂದು ತಿಂಗಳು ಕೆಲಸದಿಂದ ದೂರ ಇಟ್ಟು ಮತ್ತೆ ಕರೆದರು. ಎಳೆಕಾಯಿ ಕೀಳುವ ಕೆಲಸದಿಂದ ಹೆಂಗಸರನ್ನು ಬಿಡಿಸಲಾಯಿತು.

ಸೆಪ್ಟೆಂಬರ್ 17, ಶುಕ್ರವಾರ, ಮಾನಾಮಿ ಅಮಾಸಿ. ಅಂದಿನ ಗೇಟಿನ ಪುಸ್ತಕದಲ್ಲಿ ಎರಡು ಸಹಿಗಳಿವೆ. ಎರಡರ ಮುಂದೆಯೂ ವೇಳೆ 6.10.