ಭರೂಚ್ ದಾಟಿತು

ಪಟ್ಟಾಭಿರಾಮರ ಮುಖ ನೋಡುವ ಮೊದಲೇ ಅವರ ನರಳಾಟ ಕೇಳಿದ್ದೆ.

೧೯೬೬ನೇ ಇಸವಿ. ವಡೋದರಾದ ಆಸ್ಪತ್ರೆಯೊಂದರಲ್ಲಿ ಒಂದೇ ಕೋಣೆ, ನಡುವೆ ಹಸಿರು ಪರದೆ. ಆಚೆ ಗಂಡಸರ ಹಲಗೆ ಮಂಚ, ಈಚೆ ಹೆಂಗಸರದು. ನಮ್ಮಿಬ್ಬರ ಕಾಯಿಲೆಯೂ ಒಂದೇ: ಸೊಂಟದಲ್ಲಿ ಡಿಸ್ಕ್ ಜಾರಿ ನರ ಒತ್ತುತ್ತಿತ್ತು. ನೋವು ಸೊಂಟದಿಂದ ಕಾಲ್ಬೆರಳ ತನಕ ಕಾದ ತಂತಿಯ ಹಾಗೆ ಎಳೆಯುತ್ತಿತ್ತು. ಫಿಸಿಯೋಥೆರಪಿಸ್ಟ್ ಊರ್ಮಿಳಾಬೆನ್ ನಮ್ಮನ್ನು ಬೋರಲು ಮಲಗಿಸಿ, ಬೆನ್ನುಮೂಳೆಯ ಗಂಟುಗಳನ್ನು ಅಂಗೈಯಿಂದ ಒಂದೊಂದಾಗಿ ಒತ್ತುತ್ತಿದ್ದರು.

“ಅಮ್ಮಾ, ಸತ್ತೆ!” ಎಂದಿತು ಆಚೆಯ ದನಿ.

“ಸಾಯೂದಾದ್ರ ಸಣ್ಣಗ ಸಾಯ್ರಿ. ಇಲ್ಲೂ ಒಬ್ಬಾಕಿ ಸಾಯ್ಲಿಕ್ಕತ್ತಾಳ,” ಎಂದೆ. ನನ್ನದು ಧಾರವಾಡದ ಬಾಯಿ, ತಡೆಯಲಾಗಲಿಲ್ಲ.

“ಕನ್ನಡದೋರಾ? ಕ್ಷಮಿಸಿ, ನಾಳೆಯಿಂದ ಗುಜರಾತಿಯಲ್ಲಿ ನರಳ್ತೀನಿ.”

ನಕ್ಕೆ. ನಕ್ಕಿದ್ದಕ್ಕೂ ಸೊಂಟ ಹಿಡಿಯಿತು.

ಅವರು ಮೈಸೂರಿನವರು, ರೈಲ್ವೆಯಲ್ಲಿ ಡ್ರಾಫ್ಟ್ಸ್‌ಮನ್. ನಾನು ಬ್ಯಾಂಕಿನ ಟೈಪಿಸ್ಟ್. ನನಗೆ ಇಪ್ಪತ್ತೆಂಟು, ಸೊಂಟದ ಸುದ್ದಿ ಕೇಳಿಯೇ ಎರಡು ಸಂಬಂಧ ಹಿಂದೆ ಸರಿದಿದ್ದವು. ಅಂದು ವರಾಂಡದಲ್ಲಿ ಮೊದಲ ಸಲ ಎದುರಾದಾಗ ಅವರು ನನ್ನನ್ನೇ ನೋಡಿದರು. ನಾನು ಸೆರಗು ಸರಿಮಾಡಿಕೊಂಡ ಮೇಲೆ ಗಡಬಡಿಸಿ ಗೋಡೆ ನೋಡಿದರು.

“ದನಿಗಿಂತ ಸಣ್ಣಕ್ಕಿದ್ದೀರಿ,” ಎಂದರು ಗೋಡೆಗೆ.

“ಗ್ವಾಡಿಗೆ ಹೇಳ್ತೀರೋ, ನನಗೋ?”

ಕಿವಿಯವರೆಗೂ ಕೆಂಪಾದರು. ಆ ಕಿವಿಗಳನ್ನು ನೆನೆದು ನಾನು ಮರುದಿನದ ಬಸ್ಸಿಗೆ ಬೇಗ ಹೊರಟೆ.

ನೋವು ಪಾದ ಬಿಟ್ಟು ಸೊಂಟದ ಕಡೆ ಹತ್ತಿದರೆ ಗುಣವಾಗುತ್ತಿದೆ ಎಂದರ್ಥ ಎಂದಿದ್ದರು ಊರ್ಮಿಳಾಬೆನ್. ಪಟ್ಟಾಭಿರಾಮರು ಅದನ್ನೇ ರೈಲು ಮಾಡಿದರು. ಕಾಲ್ಬೆರಳು ಸೂರತ್, ಮಂಡಿ ಭರೂಚ್, ಸೊಂಟ ವಡೋದರಾ. ದಿನವೂ ಬೆನ್ “ಆಜೇ ಕೇಮ್ ಛೇ?” ಎಂದು ಇವತ್ತು ಹೇಗಿದೆಯೆಂದು ಕೇಳುವುದು, ನಾವಿಬ್ಬರೂ ಸ್ಟೇಷನ್ ಹೆಸರು ಕೂಗುವುದು.

ಮೂರು ವಾರವಾದರೂ ಇಬ್ಬರೂ ಸೂರತ್‌ನಲ್ಲೇ ಇದ್ದೆವು. ನನ್ನ ಧೈರ್ಯ ಕುಸಿಯಿತು.

“ನಿಮಗ ಆರಾಮಾಗ್ಲಿಲ್ಲಂದ್ರ ನನಗೂ ಆಗೂದಿಲ್ಲ. ಇನ್ನ ಬರೂದು ಬಿಡ್ತೀನಿ,” ಎಂದೆ ಪರದೆಗೆ.

ಮರುದಿನ ಅವರು ಕೂಗಿದರು: “ಸೂರತ್ ಬಿಟ್ಟಿತು!” ಆ ವಾರದ ಕೊನೆಗೆ: “ಭರೂಚ್ ದಾಟಿತು!”

ಅವರ ಹಿಂದೆಯೇ ನನ್ನ ನೋವೂ ಹತ್ತತೊಡಗಿತು. ಐದನೇ ವಾರ ನೆಟ್ಟಗೆ ನಿಂತೆ. ಇನ್ನು ಬರಬೇಕಿಲ್ಲ ಎಂದರು ಬೆನ್.

ಆ ದಿನ ವರಾಂಡದಲ್ಲಿ ಪಟ್ಟಾಭಿರಾಮರು ನನ್ನ ಮುಂದೆ ಹೋಗುತ್ತಿದ್ದರು. ಎಡಗಾಲಿನ ಚಪ್ಪಲಿ ಕಳಚಿ ಹಿಂದೆ ಉಳಿಯಿತು. ಅವರಿಗೆ ತಿಳಿಯಲೇ ಇಲ್ಲ. ಬರಿಯ ಬೆರಳು ನೆಲಕ್ಕೆ ಉಜ್ಜುತ್ತ ಐದಾರು ಹೆಜ್ಜೆ ನಡೆದೇಬಿಟ್ಟರು.

“ಎಷ್ಟು ದಿನದಿಂದ ಹಿಂಗ?” ಎಂದೆ.

“ಕಾಲಿನ ನೋವು ಹೋಯ್ತು, ಅದು ಸುಳ್ಳಲ್ಲ. ಅದರ ಜೊತೆ ಪಾದಾನೂ ಮರಗಟ್ಟಿತು.”

“ಬೆನ್‌ಗ ಯಾಕ ಹೇಳ್ಲಿಲ್ಲ?”

“ಹೇಳಿದ್ರೆ ನಿಮಗೂ ಕೇಳಿಸ್ತಿತ್ತು.”

ಸಿಟ್ಟು ಬಂತು, ಎಂಥ ಸಿಟ್ಟೆಂದರೆ ಅವರ ತೋಳು ಹಿಡಿದು ಒಳಗೆ ಎಳೆದುಕೊಂಡು ಹೋದೆ. ಕಣ್ಣು ಮುಚ್ಚಿಸಿ ಬೆನ್ ಪಾದಕ್ಕೆ ಪಿನ್ನು ಚುಚ್ಚಿದರು. ಚುಚ್ಚಿದ್ದು ತಿಳಿಯದೆ ಪಟ್ಟಾಭಿರಾಮರು ಇನ್ನೂ ಕಾಯುತ್ತಲೇ ಇದ್ದರು. ಬೆನ್ ಮುಖ ಕಪ್ಪಿಟ್ಟಿತು. ಮರಗಟ್ಟಿದ ದಿನವೇ ಹೇಳಿದ್ದರೆ ಒತ್ತುವುದನ್ನು ನಿಲ್ಲಿಸಿ ಸರ್ಜನ್ ಹತ್ತಿರ ಕಳಿಸುತ್ತಿದ್ದೆ ಎಂದರು. ಡಾಕ್ಟರು ಬಂದು ನೋಡಿದರು. ಇಂದೇ ಬೊಂಬಾಯಿಗೆ, ಆಪರೇಷನ್ನಿಗೆ. ಪಾದದ ಶಕ್ತಿ ಮರಳುವ ಭರವಸೆ ಕೊಡಲಾರೆ ಎಂದರು.

ಗಾಡಿ ಬರುವ ತನಕ ಅವರನ್ನು ಹಲಗೆಯ ಮೇಲೆ ಬೋರಲು ಮಲಗಿಸಿದ್ದರು. ಮೊದಲ ಸಲ ನಾನು ಪರದೆ ಸರಿಸಿ ಆಚೆ ಹೋದೆ.

“ಆಪರೇಷನ್ ಆದಮ್ಯಾಲ ಲಗ್ನ ಆಗೂಣು,” ಎಂದೆ.

“ಈ ಕುಂಟನ್ನ?”

“ಸುಳ್ಳ ಹೇಳೂದು ಸೈಸೂದಿಲ್ಲ. ಕುಂಟೂದು ಸೈಸ್ತೀನಿ.”

ಅವರು ನಗಲಿಲ್ಲ. “ನಿಮ್ಮ ಕಾಲು ಈಗ ತಾನೇ ನಿಮಗೆ ಸಿಕ್ಕಿದೆ, ಸುಲೋಚನಾ. ನನ್ನ ಜೊತೆ ಕುಂಟೋಕಲ್ಲ. ದಯವಿಟ್ಟು ಹೋಗಿ,” ಎಂದು ದಿಂಬಿನಲ್ಲಿ ಮುಖ ಹುದುಗಿಸಿದರು.

ಅವರನ್ನು ನಾನು ಪ್ರೀತಿಸುತ್ತಿದ್ದೆ. ನನಗೆ ಧೈರ್ಯ ತುಂಬಲು ಆ ಪಾದ ಕೊಟ್ಟಿದ್ದರು, ನಾನದನ್ನು ತಿಳಿಯದೆ ತೆಗೆದುಕೊಂಡಿದ್ದೆ. ಮಂಚದ ಕಾಲ್ದೆಸೆಗೆ ಬಂದೆ. ಹಲಗೆಯಿಂದಾಚೆ ಚಾಚಿದ್ದ ಎಡಪಾದದ ಕೆಳಗೆ ಮೆಲ್ಲಗೆ ಅಂಗೈ ಕೊಟ್ಟೆ. ತಣ್ಣಗಿತ್ತು.

“ಹೋದ್ರಾ?” ಎಂದು ಕೇಳಿದರು ದಿಂಬಿನೊಳಗಿಂದ.

ಬಾಯಿ ತೆರೆದರೆ ಅಳು ಬರುತ್ತದೆಂದು ಸುಮ್ಮನಿದ್ದೆ.

ನಾನು ಹೋದೆನೆಂದೇ ತಿಳಿದು ಅವರು ಬಿಕ್ಕಿಬಿಕ್ಕಿ ಅಳತೊಡಗಿದರು. ಅವರ ಪಾದ ನನ್ನ ಕೈಯಲ್ಲೇ ಇತ್ತು.